ಗೇರ್ ಬಾಕ್ಸ್ ಇಳಿಸುವ ಮೊದಲು: ಸೋರುತ್ತಿರುವುದು ಯಾವ ಎಣ್ಣೆ, ಎಲ್ಲಿಂದ?

ಪ್ರಶ್ನೆ: ನನ್ನದು ಫ್ರಂಟ್ ವೀಲ್ ಡ್ರೈವ್, ಮ್ಯಾನುಯಲ್ ಗೇರಿನ ಪೆಟ್ರೋಲ್ ಕಾರು. ಒಂದು ಲಕ್ಷ ಕಿಲೋಮೀಟರ್ ದಾಟಿದೆ. ಈಚೆಗೆ ಕಾರು ನಿಲ್ಲಿಸಿದ ಜಾಗದಲ್ಲಿ ಎಣ್ಣೆ ಹನಿ ಕಾಣುತ್ತಿದೆ. ಬಗ್ಗಿ ನೋಡಿದರೆ ಎಂಜಿನ್ನೂ ಗೇರ್ ಬಾಕ್ಸೂ ಕೂಡುವ ಜಾಗದ ತಳದಿಂದ ತೊಟ್ಟಿಕ್ಕುತ್ತಿದೆ. ಒಬ್ಬ ಮೆಕ್ಯಾನಿಕ್ ‘ಕ್ರ್ಯಾಂಕ್ ಸೀಲ್ ಹೋಗಿದೆ, ಗೇರ್ ಬಾಕ್ಸ್ ಇಳಿಸಲೇಬೇಕು’ ಅಂದರು. ಇನ್ನೊಬ್ಬರು ‘ಆಕ್ಸಲ್ ಸೀಲ್ ಅಷ್ಟೇ, ಅರ್ಧ ದಿನದ ಕೆಲಸ’ ಅಂದರು. ಗೇರ್ ಸಲೀಸಾಗಿ ಬೀಳುತ್ತವೆ, ಕ್ಲಚ್ಚೂ ಸರಿಯಾಗಿದೆ. ಯಾರ ಮಾತು ನಂಬಲಿ?

ಉತ್ತರ: ಸದ್ಯಕ್ಕೆ ಇಬ್ಬರನ್ನೂ ನಂಬಬೇಡಿ. ಸೀಲ್ ಎಂದರೆ ತಿರುಗುವ ಶಾಫ್ಟಿನ ಸುತ್ತ ಎಣ್ಣೆ ತಡೆಯುವ ರಬ್ಬರ್ ಬಳೆ: ಕ್ರ್ಯಾಂಕ್ ಸೀಲ್ ಎಂಜಿನ್ ಶಾಫ್ಟಿನ ಗೇರ್ ಬಾಕ್ಸ್ ಕಡೆಯ ತುದಿಯದು, ಆಕ್ಸಲ್ ಸೀಲ್ ಗೇರ್ ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಶಾಫ್ಟಿನದು. ಒಬ್ಬರು ಹೇಳಿದ್ದು ನಿಜವೇ ಇರಬಹುದು. ಆದರೆ ಕೆಳಗಿನಿಂದ ಒಮ್ಮೆ ಟಾರ್ಚ್ ಬಿಟ್ಟು ನೋಡಿ ತೀರ್ಪು ಕೊಡುವ ವಿಷಯ ಇದಲ್ಲ. ಎಂಜಿನ್ನೂ ಗೇರ್ ಬಾಕ್ಸೂ ಕೂಡುವ ಆ ಮೂಲೆ ಕಾರಿನ ಅಡಿಯ ಚರಂಡಿ ಇದ್ದ ಹಾಗೆ. ಮೇಲೆ ಎಂಜಿನ್ನಿನ ತಲೆ ಮುಚ್ಚುವ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಒಸರಿದರೂ, ಆಯಿಲ್ ಪ್ರೆಶರ್ ಸ್ವಿಚ್ ಸೋರಿದರೂ, ಗೇರ್ ಬದಲಿಸುವ ಸೆಲೆಕ್ಟರ್ ಶಾಫ್ಟಿನ ಸೀಲ್ ಹೋದರೂ ಎಣ್ಣೆ ಗೋಡೆಗುಂಟ ಇಳಿದು ಬಂದು ಅಲ್ಲೇ ಸೇರುತ್ತದೆ, ಅಲ್ಲಿಂದಲೇ ತೊಟ್ಟಿಕ್ಕುತ್ತದೆ. ಕಾರು ಓಡುವಾಗ ಗಾಳಿ ಅದನ್ನು ಹಿಂದಕ್ಕೂ ತಳ್ಳುತ್ತದೆ. ಹಾಗಾಗಿ ಹುಡುಕಬೇಕಾದ್ದು ಅತಿ ಮೇಲಿನ, ಅತಿ ಮುಂದಿನ ಒದ್ದೆ ಜಾಗವನ್ನು. ಹನಿ ಬೀಳುವ ಜಾಗದಿಂದ ಲೆಕ್ಕ ಹಾಕಿದರೆ ದಾರಿ ತಪ್ಪುತ್ತದೆ.

ಅದಕ್ಕೂ ಮೊದಲು ಇತ್ಯರ್ಥ ಆಗಬೇಕಾದ್ದು ಬೀಳುತ್ತಿರುವುದು ಯಾವ ಎಣ್ಣೆ ಎನ್ನುವುದು. ಇದೊಂದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಕ್ರ್ಯಾಂಕ್ ಸೀಲಿನಿಂದ ಬರುವುದು ಎಂಜಿನ್ ಆಯಿಲ್, ಆಕ್ಸಲ್ ಸೀಲಿನಿಂದ ಬರುವುದು ಗೇರ್ ಆಯಿಲ್. ನಿಮ್ಮ ಇಬ್ಬರು ಮೆಕ್ಯಾನಿಕ್‌ಗಳ ಜಗಳ ಇಲ್ಲೇ ತೀರಬೇಕಿತ್ತು.

ರಾತ್ರಿ ಕಾರು ನಿಲ್ಲಿಸುವಾಗ ಅಡಿಗೆ ದೊಡ್ಡದೊಂದು ಬಿಳಿ ಕಾಗದವನ್ನೋ ರಟ್ಟನ್ನೋ ಹಾಸಿ. ಮುಂದಿನ ಎರಡು ಚಕ್ರ ಎಲ್ಲಿವೆ ಎಂದು ಅದರ ಮೇಲೆ ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಿ. ಬೆಳಗ್ಗೆ ಹನಿ ಎಷ್ಟು ಬಿದ್ದಿವೆ, ಎಲ್ಲೆಲ್ಲಿ ಬಿದ್ದಿವೆ ಎಂದು ನೋಡಿ, ಒಂದನ್ನು ಬೆರಳಲ್ಲಿ ಮುಟ್ಟಿ ಮೂಸಿ. ಗೇರ್ ಆಯಿಲ್‌ಗೆ ಗಂಧಕದ ಘಾಟು ಇರುತ್ತದೆ. ಹಲ್ಲುಗಳ ನಡುವಿನ ಒತ್ತಡ ತಡೆಯಲೆಂದು ಅದಕ್ಕೆ ಗಂಧಕ, ರಂಜಕ ಇರುವ ರಾಸಾಯನಿಕ ಬೆರೆಸಿರುತ್ತಾರೆ. ಒಮ್ಮೆ ಮೂಸಿದವರು ಆ ವಾಸನೆಯನ್ನು ಮರೆಯುವುದಿಲ್ಲ, ಕೈ ತೊಳೆದರೂ ಸಂಜೆವರೆಗೆ ಬಿಡುವುದಿಲ್ಲ. ಎಂಜಿನ್ ಆಯಿಲ್‌ಗೆ ಸುಟ್ಟ ವಾಸನೆ. ಬಣ್ಣ ಕಂದು, ಹಳತಾದಷ್ಟೂ ಕಪ್ಪು. ಡೀಸೆಲ್ ಎಂಜಿನ್ನಿನದ್ದಾದರೆ ಹಾಕಿದ ಸ್ವಲ್ಪ ದಿನಕ್ಕೇ ಮಸಿಯಷ್ಟು ಕಪ್ಪಾಗುತ್ತದೆ. ಗೇರ್ ಬಾಕ್ಸಿನೊಳಗೆ ಏನೂ ಉರಿಯುವುದಿಲ್ಲ, ಅದಕ್ಕೇ ಗೇರ್ ಆಯಿಲ್ ಬಹಳ ಕಾಲ ಜೇನಿನ ಬಣ್ಣದಲ್ಲೇ ಉಳಿಯುತ್ತದೆ. ಸವೆದ ಲೋಹದ ಪುಡಿ ಸೇರಿದರೆ ಬೂದು ಛಾಯೆ ಬರುತ್ತದೆ.

ಒಂದು ಎಚ್ಚರಿಕೆ. ಎಲ್ಲ ಮ್ಯಾನುಯಲ್ ಗೇರ್ ಬಾಕ್ಸಿನಲ್ಲೂ ಗಟ್ಟಿ ಗೇರ್ ಆಯಿಲ್ ಇರುವುದಿಲ್ಲ. ಕೆಲವು ಕಂಪನಿಗಳು ತೆಳುವಾದ ವಿಶೇಷ ದ್ರವ ಹಾಕುತ್ತವೆ, ಕೆಲವಕ್ಕೆ ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್ಡೇ ಬೇಕು. ಇವಕ್ಕೆ ಆ ಘಾಟು ಇಲ್ಲ. ಕಾರಿನ ಕೈಪಿಡಿ ತೆಗೆದು ನಿಮ್ಮದರಲ್ಲಿ ಏನು ಹಾಕಬೇಕು ಎಂದು ನೋಡಿಕೊಂಡು ಆಮೇಲೆ ಮೂಗನ್ನು ನಂಬಿ.

ಇನ್ನೊಂದು ದ್ರವವನ್ನು ಜನ ಮರೆತೇಬಿಡುತ್ತಾರೆ: ಕ್ಲಚ್ ಹೈಡ್ರಾಲಿಕ್ ಆಗಿದ್ದರೆ ಅದರಲ್ಲಿರುವ ಬ್ರೇಕ್ ಆಯಿಲ್. ಪೆಡಲ್ ಒತ್ತಿದಾಗ ಈ ದ್ರವದ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್ ಗೇರ್ ಬಾಕ್ಸಿನ ಹೊರಮೈಗೆ ಕೂತಿರುತ್ತದೆ, ಅಥವಾ ಕ್ಲಚ್ ಇರುವ ಕೋಣೆಯಾದ ಬೆಲ್ ಹೌಸಿಂಗಿನ ಒಳಗೇ, ಗೇರ್ ಬಾಕ್ಸಿಗೆ ಶಕ್ತಿ ಒಯ್ಯುವ ಇನ್‌ಪುಟ್ ಶಾಫ್ಟಿನ ಸುತ್ತ ಕೂತಿರುತ್ತದೆ. ಒಳಗಿನದು ಸೋರಿದರೆ ದ್ರವ ಬರುವುದು ನೀವು ಹೇಳಿದ ಆ ತಳದಿಂದಲೇ. ಪರೀಕ್ಷೆ ಸುಲಭ. ಒಂದು ಲೋಟ ನೀರಿಗೆ ಆ ಹನಿ ಬಿಡಿ. ಎಣ್ಣೆಯಾದರೆ ತೇಲಿ ಹರಡುತ್ತದೆ, ಮಾಮೂಲಿ ಡಾಟ್ 3, ಡಾಟ್ 4 ಬ್ರೇಕ್ ಆಯಿಲ್ ಆದರೆ ನೀರಿನಲ್ಲಿ ಕರಗಿಹೋಗುತ್ತದೆ. ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿಯನ್ನೂ ನೋಡಿ. ಬಹಳಷ್ಟು ಕಾರುಗಳಲ್ಲಿ ಕ್ಲಚ್ಚಿಗೂ ಬ್ರೇಕಿಗೂ ಒಂದೇ ಡಬ್ಬಿ. ಕ್ಲಚ್ಚಿನ ಕೊಳವೆಯನ್ನು ಡಬ್ಬಿಯ ಮೇಲ್ಭಾಗಕ್ಕೆ ಕೊಟ್ಟಿರುವುದರಿಂದ ಕ್ಲಚ್ ಕಡೆ ಖಾಲಿಯಾದರೂ ಬ್ರೇಕಿಗೆ ಒಂದಷ್ಟು ಉಳಿಯುತ್ತದೆ. ಹಾಗೆಂದು ಓಡಿಸುತ್ತಲೇ ಇರಬೇಡಿ. ಈ ಪಟ್ಟಿಯಲ್ಲಿ ‘ಇವತ್ತೇ ಗ್ಯಾರೇಜಿಗೆ ಹೋಗಿ’ ಎಂದು ನಾನು ಹೇಳುವುದು ಇದೊಂದಕ್ಕೆ. ಪೆಡಲ್ ಮೆತ್ತಗಾಗಿದ್ದರೆ, ಗೇರ್ ಹಾಕುವಾಗ ಕಿರುಗುಟ್ಟಿದರೆ ಅನುಮಾನವೇ ಬೇಡ. ನಿಮ್ಮ ಕ್ಲಚ್ ಸರಿಯಾಗಿದೆ ಎಂದಿದ್ದೀರಿ, ಆದರೂ ಲೋಟದ ಪರೀಕ್ಷೆಗೆ ಒಂದು ನಿಮಿಷ ಸಾಕು. ಹನಿ ಬರೀ ನೀರಾಗಿದ್ದರೆ ಅದು ಎಸಿಯದು, ಮರೆತುಬಿಡಿ.

ಎಣ್ಣೆ ಯಾವುದೆಂದು ಗೊತ್ತಾಯಿತು ಎಂದುಕೊಳ್ಳೋಣ. ಈಗ ತೊಳೆಯುವ ಕೆಲಸ. ಇದನ್ನು ಬಿಟ್ಟು ನೇರ ಸೀಲಿಗೆ ಕೈ ಹಾಕುವವರೇ ಹೆಚ್ಚು, ಎರಡೆರಡು ಸಲ ಗೇರ್ ಬಾಕ್ಸ್ ಇಳಿಸುವವರೂ ಅವರೇ. ವರ್ಷಗಟ್ಟಲೆ ಧೂಳು ಸೇರಿ ಮೇಣದಂತೆ ಕೂತ ಜಿಡ್ಡಿನಲ್ಲಿ ಹೊಸ ಎಣ್ಣೆಯ ದಾರಿ ಕಾಣುವುದೇ ಇಲ್ಲ. ಎಂಜಿನ್ ತಣ್ಣಗಿರುವಾಗ ಡಿಗ್ರೀಸರ್ ಹೊಡೆದು, ಬ್ರಷ್ಷಿನಲ್ಲಿ ತಿಕ್ಕಿ, ಬಟ್ಟೆಯಿಂದ ಒರೆಸಿ ಒಣಗಿಸಿ. ಪ್ರೆಶರ್ ವಾಷರ್ ಬಳಸುವುದಾದರೆ ಸೀಲುಗಳಿಗೆ, ಬ್ರೀದರಿಗೆ (ಗೇರ್ ಬಾಕ್ಸಿನ ಗಾಳಿಕಿಂಡಿ), ವೈರಿಂಗ್ ಕನೆಕ್ಟರಿಗೆ ನೇರ ಗುರಿ ಇಡಬೇಡಿ. ಬ್ರೀದರ್ ಮೂಲಕ ನೀರು ಒಳಹೊಕ್ಕರೆ ಇಲ್ಲದ ರೋಗ ತಂದುಕೊಂಡಂತೆ. ಆಮೇಲೆ ಹದಿನೈದಿಪ್ಪತ್ತು ಕಿಲೋಮೀಟರ್ ಓಡಿಸಿ ಎಣ್ಣೆ ಚೆನ್ನಾಗಿ ಬಿಸಿಯಾದ ಮೇಲೆ ನಿಲ್ಲಿಸಿ ನೋಡಿ. ಏನೂ ಕಾಣದಿದ್ದರೆ ಮರುದಿನ ಮತ್ತೆ ನೋಡಿ. ಅನುಮಾನದ ಜಾಗಕ್ಕೆ ತೆಳುವಾಗಿ ಟಾಲ್ಕಂ ಪೌಡರ್ ಊದಿಟ್ಟರೆ ಎಣ್ಣೆ ಒಸರಿದ ಗೆರೆ ಕಪ್ಪಗೆ ಎದ್ದು ಕಾಣುತ್ತದೆ.

ಕಾರಿನಡಿ ಹೋಗುವವರಿಗೆ ಒಂದು ಮಾತು: ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬೇಡಿ. ಗಟ್ಟಿ ನೆಲ, ಎರಡು ಸ್ಟ್ಯಾಂಡ್, ಹಿಂದಿನ ಚಕ್ರಕ್ಕೆ ಅಡೆ. ಇವಿಲ್ಲದಿದ್ದರೆ ರ‍್ಯಾಂಪ್ ಇರುವ ಗ್ಯಾರೇಜಿಗೆ ಹೋಗಿ.

ಈಗ ನಿಮ್ಮ ಮುಖ್ಯ ಅನುಮಾನಕ್ಕೆ, ಅಂದರೆ ಬೆಲ್ ಹೌಸಿಂಗಿಗೆ ಬರೋಣ. ಎಂಜಿನ್ ಬ್ಲಾಕಿಗೂ ಗೇರ್ ಬಾಕ್ಸಿಗೂ ನಡುವಿನ ಆ ಗಂಟೆಯಾಕಾರದ ಕೋಣೆಯಲ್ಲಿ ಇರುವುದು ಫ್ಲೈವೀಲ್, ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್. ಅದು ಒಣ ಕೋಣೆ, ಅಲ್ಲಿ ಯಾವ ಎಣ್ಣೆಗೂ ಜಾಗವಿಲ್ಲ. ತಳದಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ತೂತೋ ಸೀಳೋ ಇರುತ್ತದೆ. ಅಲ್ಲಿಂದ ಎಣ್ಣೆ ಬರುತ್ತಿದ್ದರೆ ಅದು ಒಳಗಿನಿಂದ ಬಂದದ್ದೋ, ಹೊರಗಿನ ಜಾಯಿಂಟ್ ಹಿಡಿದು ಇಳಿದು ಬಂದದ್ದೋ ಎನ್ನುವುದೇ ಪ್ರಶ್ನೆ. ಎರಡೂ ಬಾಕ್ಸುಗಳು ಕೂಡುವ ಆ ಜಾಯಿಂಟಿನ ಗೆರೆಯನ್ನು ತಳದಿಂದ ತಲೆಯವರೆಗೆ ಪೂರ್ತಿ ನೋಡಿ. ಮೇಲೆ ಕೈ, ಕಣ್ಣು ಹೋಗದ ಕಡೆಗೆ ಮೊಬೈಲನ್ನು ತೂರಿಸಿ ಟಾರ್ಚ್ ಹಾಕಿ ವಿಡಿಯೊ ತೆಗೆಯಿರಿ. ಗೆರೆಯ ಮೇಲ್ತುದಿ, ಪಕ್ಕಗಳು ಒಣಗಿದ್ದು ತಳ ಮಾತ್ರ ಒದ್ದೆ ಎಂದರೆ ಎಣ್ಣೆ ಬಹುಮಟ್ಟಿಗೆ ಒಳಗಿನದು. ಮೇಲಿನ ಬೋಲ್ಟುಗಳ ಸುತ್ತ, ಗೆರೆಯ ಉದ್ದಕ್ಕೂ ಪಸೆ ಇದ್ದರೆ ಕಳ್ಳ ಇನ್ನೂ ಮೇಲಿದ್ದಾನೆ.

ಎಂಜಿನ್ ಆಯಿಲ್ ಆಗಿದ್ದರೆ ಈ ಮೇಲಿನ ಕಳ್ಳರಲ್ಲಿ ಮೊದಲು ಟ್ಯಾಪೆಟ್ ಕವರ್ ಪ್ಯಾಕಿಂಗಿನ ಗೇರ್ ಬಾಕ್ಸ್ ಕಡೆಯ ಮೂಲೆ ನೋಡಿ. ವಯಸ್ಸಾದ ರಬ್ಬರ್ ಗಟ್ಟಿಯಾಗಿ ಅಲ್ಲಿಂದ ಒಸರುವುದು ತೀರಾ ಸಾಮಾನ್ಯ, ಅದು ಇಳಿಯುವುದು ಸರಿಯಾಗಿ ಬೆಲ್ ಹೌಸಿಂಗಿನ ಮೇಲೆ. ಆಮೇಲೆ ಕ್ಯಾಮ್ ಶಾಫ್ಟಿನ ತುದಿಯ ಪ್ಲಗ್ಗು, ಡಿಸ್ಟ್ರಿಬ್ಯೂಟರ್ ಇರುವ ಹಳೆ ಎಂಜಿನ್ನಾದರೆ ಅದರ ಓ ರಿಂಗ್, ಆಯಿಲ್ ಪ್ರೆಶರ್ ಸ್ವಿಚ್. ಸ್ವಿಚ್ಚಿನ ಕನೆಕ್ಟರ್ ಕಳಚಿ ಒಳಗೆ ನೋಡಿ. ಪಿನ್ನುಗಳ ನಡುವೆ ಎಣ್ಣೆ ನಿಂತಿದ್ದರೆ ಸ್ವಿಚ್ಚಿನೊಳಗಿನ ಪೊರೆಯೇ ಹರಿದಿದೆ ಎಂದರ್ಥ, ಹೊಸ ಸ್ವಿಚ್ ಹಾಕಿದರೆ ಮುಗಿಯಿತು. ಇನ್ನು ಚೇಂಬರಿನ, ಅಂದರೆ ಎಂಜಿನ್ನಿನ ತಳದ ಎಣ್ಣೆ ತೊಟ್ಟಿಯ, ಪ್ಯಾಕಿಂಗಿನ ಗೇರ್ ಬಾಕ್ಸ್ ಕಡೆಯ ಅಂಚು ಬೆಲ್ ಹೌಸಿಂಗಿಗೆ ಅಂಟಿಕೊಂಡೇ ಇರುವುದರಿಂದ ಅಲ್ಲಿಯ ಒಸರೂ ಕ್ರ್ಯಾಂಕ್ ಸೀಲಿನ ಹೆಸರಿಗೆ ಬೀಳುತ್ತದೆ. ಇವೆಲ್ಲ ಗೇರ್ ಬಾಕ್ಸ್ ಮುಟ್ಟದೆ ಆಗುವ ಕೆಲಸಗಳು. ಕ್ರ್ಯಾಂಕ್ ಸೀಲ್ ಎಂದು ಘೋಷಿಸುವವರು ಇಷ್ಟನ್ನೂ ನೋಡಿದ್ದೇವೆ ಎಂದು ಹೇಳಬೇಕು. ಹೇಳದಿದ್ದರೆ ನೀವೇ ಕೇಳಿ.

ಇಷ್ಟಾದರೂ ಸ್ಪಷ್ಟವಾಗದಿದ್ದರೆ ಯುವಿ ಡೈ ಇದೆ. ಎಂಜಿನ್ ಆಯಿಲ್‌ಗೆ ಅದರ ಸಣ್ಣ ಬಾಟಲಿ ಸುರಿದು, ಒಂದೆರಡು ದಿನ ಓಡಿಸಿ, ಕತ್ತಲಲ್ಲಿ ಯುವಿ ಟಾರ್ಚ್ ಹಿಡಿದರೆ ಸೋರುವ ಎಣ್ಣೆ ಹಳದಿ ಹಸಿರಾಗಿ ಹೊಳೆಯುತ್ತದೆ. ಒಂದೇ ಷರತ್ತು: ಡೈಯನ್ನು ಒಂದೇ ಕಡೆ ಹಾಕಿ. ಎಂಜಿನ್ನಿಗೂ ಗೇರ್ ಬಾಕ್ಸಿಗೂ ಒಟ್ಟಿಗೆ ಸುರಿದರೆ ಹೊಳೆಯುವುದೇನೋ ಹೊಳೆಯುತ್ತದೆ, ಯಾವುದರದ್ದು ಎಂದು ಹೇಳುವವರು ಯಾರು? ತಳದ ತೂತಿನಿಂದ ಬಂದ ಹನಿ ಹೊಳೆದರೆ ಎಂಜಿನ್ನಿನದು. ಹೊಳೆಯದಿದ್ದರೆ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟ್ ಸೀಲಿನ ಮೇಲೆ ಅನುಮಾನ. ಸಣ್ಣ ಎಂಡೋಸ್ಕೋಪ್ ಕ್ಯಾಮೆರಾ ಇದ್ದರೆ ಇನ್‌ಸ್ಪೆಕ್ಷನ್ ತೂತಿನ ರಬ್ಬರ್ ತೆಗೆದು, ಇಲ್ಲವೇ ಸ್ಟಾರ್ಟರ್ ಮೋಟರ್ ಬಿಚ್ಚಿ ಆ ಜಾಗದಿಂದ ಒಳಗೆ ನೋಡಬಹುದು. ಕ್ರ್ಯಾಂಕ್ ಸೀಲ್ ಸೋರಿದರೆ ಫ್ಲೈವೀಲಿನ ಎಂಜಿನ್ ಕಡೆಯ ಮುಖ, ಅದರ ಹಿಂದಿನ ಬ್ಲಾಕ್ ಒದ್ದೆಯಾಗುತ್ತವೆ. ತಿರುಗುವ ಫ್ಲೈವೀಲ್ ಎಣ್ಣೆಯನ್ನು ಎರಚಿದ ಗೆರೆಗಳು ಹೌಸಿಂಗಿನ ಒಳಗೋಡೆಯ ಮೇಲೆ ಸುತ್ತಲೂ ಕಾಣುತ್ತವೆ, ಅದಕ್ಕೆ ಕ್ಲಚ್ ಪ್ಲೇಟಿನ ಪುಡಿ ಅಂಟಿ ಕಪ್ಪು ಸಗಣಿಯಂತಾಗಿರುತ್ತದೆ. ಇನ್‌ಪುಟ್ ಸೀಲ್ ಆದರೆ ಬ್ಲಾಕಿನ ಕಡೆ ಒಣ. ಗೇರ್ ಬಾಕ್ಸಿನ ಮುಂಗೋಡೆಯಲ್ಲಿ, ರಿಲೀಸ್ ಬೇರಿಂಗ್ ಜಾರುವ ಕೊಳವೆಯ ಬಾಯಿಂದ ಕೆಳಗೆ ಒದ್ದೆ ಪಟ್ಟೆಯೊಂದು ಇಳಿದಿರುತ್ತದೆ. ಎರಡರಲ್ಲಿ ಯಾವುದು ಹೆಚ್ಚಾದರೂ ಎಣ್ಣೆ ಕ್ಲಚ್ ಪ್ಲೇಟಿಗೆ ತಾಗಿ ಕ್ಲಚ್ ಜಾರತೊಡಗುತ್ತದೆ, ಹೊರಡುವಾಗ ಗಾಡಿ ನಡುಗುತ್ತದೆ. ನಿಮಗಿನ್ನೂ ಆ ಹಂತ ಬಂದಿಲ್ಲ.

ಕ್ರ್ಯಾಂಕ್ ಸೀಲೇ ಎಂದು ಖಚಿತವಾದರೂ ತಕ್ಷಣ ಇಳಿಸಬೇಡಿ, ಮೊದಲು ಪಿಸಿವಿ ವಾಲ್ವ್ ಮತ್ತು ಅದರ ಪೈಪ್ ನೋಡಿ. ಎಂಜಿನ್ನಿನೊಳಗಿನ ಹೊಗೆಗೆ ಹೊರದಾರಿ ಅದು. ಕಟ್ಟಿಕೊಂಡರೆ ಚೇಂಬರಿನಲ್ಲಿ ಒತ್ತಡ ಏರಿ ಒಳ್ಳೆ ಸೀಲನ್ನೂ ದಾಟಿ ಎಣ್ಣೆ ನುಗ್ಗುತ್ತದೆ. ಅದು ಹಾಗೇ ಇದ್ದರೆ ಹೊಸ ಸೀಲೂ ಹೆಚ್ಚು ದಿನ ಉಳಿಯುವುದಿಲ್ಲ.

ಆಕ್ಸಲ್ ಸೀಲಿಗೆ ಬರೋಣ. ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್ ಗೇರ್ ಬಾಕ್ಸಿಗೆ ತೂರುವ ಜಾಗ ನೋಡಿ. ಸೀಲ್ ಹೋಗಿದ್ದರೆ ಶಾಫ್ಟಿನ ಬುಡದಿಂದ ಕೆಳಕ್ಕೆ ಕೇಸಿಂಗಿನ ಮೇಲೆ ನಾಲಗೆಯಾಕಾರದ ಒದ್ದೆ ಕಾಣುತ್ತದೆ, ತಿರುಗುವ ಶಾಫ್ಟ್ ಎರಚಿದ್ದು ಅಕ್ಕಪಕ್ಕದ ಭಾಗಗಳ ಮೇಲೆ ಬಳೆಯಾಕಾರದಲ್ಲಿ ಕೂತಿರುತ್ತದೆ. ಈ ಸೀಲಿನ ಕೆಳಬಾಯಿ ಸಾಮಾನ್ಯವಾಗಿ ಗೇರ್ ಆಯಿಲ್ ಮಟ್ಟಕ್ಕಿಂತ ಕೆಳಗಿರುವುದರಿಂದ ಕಾರು ಸುಮ್ಮನೆ ನಿಂತಾಗಲೂ ರಾತ್ರಿಯಿಡೀ ಸೋರುತ್ತದೆ. ಕ್ರ್ಯಾಂಕ್ ಸೀಲ್ ಹಾಗಲ್ಲ. ಚೇಂಬರಿನ ಎಣ್ಣೆ ಅದಕ್ಕಿಂತ ಕೆಳಗೆ ನಿಲ್ಲುತ್ತದೆ, ಆದ್ದರಿಂದ ಅದು ಬಹುಮಟ್ಟಿಗೆ ಓಡುವಾಗ ಸೋರಿ, ನಿಲ್ಲಿಸಿದ ಮೇಲೆ ಉಳಿದದ್ದು ತೊಟ್ಟಿಕ್ಕಿ ನಿಂತುಬಿಡುತ್ತದೆ. ಎರಡು ದಿನ ಕದಲಿಸದ ಕಾರಿನಡಿ ಎರಡನೇ ದಿನವೂ ಹೊಸ ಹನಿ ಬಿದ್ದಿದ್ದರೆ ನನ್ನ ಅನುಮಾನ ಗೇರ್ ಬಾಕ್ಸಿನ ಕಡೆಗೇ ವಾಲುತ್ತದೆ.

ಡ್ರೈವ್ ಶಾಫ್ಟಿನ ತುದಿಯ ಸಿವಿ ಜಾಯಿಂಟನ್ನು ಮುಚ್ಚುವ ರಬ್ಬರ್ ಬೂಟ್ ಹರಿದು ಗ್ರೀಸ್ ಎರಚಿದ್ದನ್ನು ಆಕ್ಸಲ್ ಸೀಲ್ ಎಂದುಕೊಳ್ಳುವುದೂ ಉಂಟು. ಗ್ರೀಸ್ ಗಟ್ಟಿ, ಅಂಟು, ಹನಿಯಾಗಿ ಬೀಳುವುದು ಕಡಿಮೆ. ಬೂಟಿನ ಮಡಿಕೆಗಳನ್ನು ಬೆರಳಲ್ಲಿ ಬಿಡಿಸಿ ನೋಡಿದರೆ ಸೀಳು ಸಿಗುತ್ತದೆ.

ಆಕ್ಸಲ್ ಸೀಲ್ ಬದಲಿಸಿದ ಕೆಲವೇ ತಿಂಗಳಿಗೆ ಮತ್ತೆ ಸೋರಿತು ಎಂಬ ದೂರು ತುಂಬ ಕೇಳಿಬರುತ್ತದೆ. ತಪ್ಪು ಸೀಲಿನದ್ದಾಗಿರುವುದು ಅಪರೂಪ. ಶಾಫ್ಟ್ ಹೊರತೆಗೆದಾಗ ಸೀಲಿನ ತುಟಿ ಕೂರುವ ಜಾಗಕ್ಕೆ ಉಗುರು ಆಡಿಸಿ. ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿದ್ದರೆ ಹೊಸ ರಬ್ಬರ್ ಅಲ್ಲಿ ಎಣ್ಣೆ ತಡೆಯುವುದಿಲ್ಲ. ಜಾಗವಿದ್ದರೆ ಹೊಸ ಸೀಲನ್ನು ಒಂದೆರಡು ಮಿಲಿಮೀಟರ್ ಒಳಗೋ ಹೊರಗೋ ಕೂರಿಸಿ ತುಟಿಗೆ ನುಣುಪು ಜಾಗ ಕೊಡಬಹುದು. ಇಲ್ಲವೇ ಶಾಫ್ಟಿಗೆ ತೆಳುವಾದ ಸ್ಟೀಲ್ ಸ್ಲೀವ್ ಹಾಕಬೇಕು. ಹಾಗೆಯೇ ಶಾಫ್ಟನ್ನು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಅತಿಯಾದ ಆಟವಿದ್ದರೆ ಡಿಫರೆನ್ಶಿಯಲ್ ಬೇರಿಂಗ್ ಸವೆದಿದೆ, ಎಂಥ ಸೀಲ್ ಹಾಕಿದರೂ ಬಾಳುವುದಿಲ್ಲ. ಇನ್ನೂ ಒಂದಿದೆ: ಕೆಲವು ಕಾರುಗಳಲ್ಲಿ ಎಡ ಬಲ ಸೀಲುಗಳು ಬೇರೆ ಬೇರೆ. ತುಟಿಯ ಮೇಲೆ ಶಾಫ್ಟ್ ತಿರುಗುವ ದಿಕ್ಕಿಗೆ ತಕ್ಕ ಸಣ್ಣ ಓರೆ ಗೆರೆಗಳಿರುತ್ತವೆ, ಹೊರಗೆ ಬಾಣದ ಗುರುತೂ ಇರುತ್ತದೆ. ಅದಲುಬದಲಾದರೆ ಹೊಸ ಸೀಲೇ ಎಣ್ಣೆಯನ್ನು ಹೊರಕ್ಕೆ ತಳ್ಳುತ್ತದೆ.

ಉಳಿದ ಚಿಲ್ಲರೆ ಜಾಗಗಳು: ಡ್ರೈನ್ ಪ್ಲಗ್ಗಿನ ವಾಷರ್, ಸ್ಪೀಡೋಮೀಟರ್ ಸೆನ್ಸರಿನ ಓ ರಿಂಗ್, ರಿವರ್ಸ್ ಲೈಟ್ ಸ್ವಿಚ್, ಸೆಲೆಕ್ಟರ್ ಶಾಫ್ಟ್ ಸೀಲ್. ಕೊನೆಯದು ಮೇಲೆ ಕೂತು ಕೇಸಿಂಗಿನ ಜಾಯಿಂಟ್ ಹಿಡಿದು ಇಳಿಯುವುದರಿಂದ ‘ಕೇಸೇ ಬಿಚ್ಚಬೇಕು’ ಎಂದು ಹೆದರಿಸಿಬಿಡುತ್ತದೆ. ಬಹಳಷ್ಟು ಕಾರುಗಳಲ್ಲಿ ಅದನ್ನು ಹೊರಗಿನಿಂದಲೇ ಬದಲಿಸಬಹುದು. ತಳಕ್ಕೆ ಕಲ್ಲು ಬಡಿದ ನೆನಪಿದ್ದರೆ ಅಲ್ಯೂಮಿನಿಯಂ ಕೇಸಿನಲ್ಲಿ ಕೂದಲೆಳೆ ಬಿರುಕಿದೆಯೇ ಎಂದು ನೋಡಿ.

ಗೇರ್ ಬಾಕ್ಸಿನ ತಲೆಯ ಮೇಲಿರುವ ಬ್ರೀದರನ್ನು ಮಾತ್ರ ಚಿಲ್ಲರೆ ಎನ್ನಲಾರೆ. ಓಡಿದಂತೆ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ, ಅದು ಹೊರಹೋಗುವುದು ಈ ಪುಟ್ಟ ಟೊಪ್ಪಿಗೆಯಿಂದ. ಮಣ್ಣು ಮೆತ್ತಿಕೊಂಡು ಮುಚ್ಚಿದರೆ ಒತ್ತಡ ಸೀಲುಗಳ ಮೇಲೆ ಬೀಳುತ್ತದೆ. ಒಂದೇ ಕಾಲಕ್ಕೆ ಎರಡು ಮೂರು ಸೀಲು ಒಸರತೊಡಗಿದರೆ ನಾನು ಮೊದಲು ಬ್ರೀದರ್ ತೆಗೆದು ಊದಿ ನೋಡುತ್ತೇನೆ. ಬ್ರೀದರಿನ ಸುತ್ತಲೇ ಎಣ್ಣೆಯಿದ್ದರೆ ಯಾರೋ ಅಳತೆ ಮೀರಿ ತುಂಬಿದ್ದಾರೆ.

ಆದ್ದರಿಂದ ಮಟ್ಟ ನೋಡಲೇಬೇಕು. ಗೇರ್ ಬಾಕ್ಸಿಗೆ ಸಾಮಾನ್ಯವಾಗಿ ಡಿಪ್ ಸ್ಟಿಕ್ಕೂ ಇಲ್ಲ, ಎಚ್ಚರಿಸುವ ದೀಪವೂ ಇಲ್ಲ. ಸಣ್ಣ ಕಾರುಗಳಲ್ಲಿ ಹಿಡಿಯುವುದೇ ಎರಡರಿಂದ ಮೂರು ಲೀಟರ್. ಕಾರು ಸಮತಟ್ಟಾಗಿ ನಿಂತಿರಬೇಕು, ಒಂದು ಕಡೆ ಎತ್ತಿದ್ದರೆ ಅಳತೆ ಸುಳ್ಳಾಗುತ್ತದೆ. ಪಕ್ಕದ ಫಿಲ್ಲರ್ ಪ್ಲಗ್ ಬಿಚ್ಚಿದರೆ ಎಣ್ಣೆ ತೂತಿನ ಕೆಳ ಅಂಚಿಗೆ ಸರಿಯಾಗಿ ನಿಂತಿರಬೇಕು. ಹೆಚ್ಚಿನ ಕಾರುಗಳಲ್ಲಿ ಇದೇ ಕ್ರಮ. ಡ್ರೈನ್ ಮಾಡುವುದಿದ್ದರೂ ಫಿಲ್ಲರ್ ಪ್ಲಗ್ಗನ್ನೇ ಮೊದಲು ಬಿಚ್ಚಿ. ಎಣ್ಣೆಯೆಲ್ಲ ಸುರಿದ ಮೇಲೆ ಅದು ತುಕ್ಕು ಹಿಡಿದು ಕೂತಿದೆ ಎಂದು ಗೊತ್ತಾದರೆ ಕಾರು ಅಲ್ಲಿಂದ ಕದಲುವುದಿಲ್ಲ. ಎಣ್ಣೆ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ, ಪೂರ್ತಿ ಬದಲಿಸಿ. ತುಂಬುವಾಗ ಕೈಪಿಡಿಯಲ್ಲಿ ಗೇರ್ ಆಯಿಲ್ ದರ್ಜೆ ಜಿಎಲ್-4 ಎಂದಿದ್ದರೆ ಜಿಎಲ್-4 ಎಣ್ಣೆಯನ್ನೇ ಹಾಕಿ. ‘ಜಿಎಲ್-5 ಇನ್ನೂ ಒಳ್ಳೆಯದು’ ಎನ್ನುವ ಮಾತಿಗೆ ಕಿವಿಗೊಡಬೇಡಿ, ಅದರ ರಾಸಾಯನಿಕಗಳು ಗೇರ್ ಸಲೀಸಾಗಿ ಬೀಳಲು ನೆರವಾಗುವ ಹಿತ್ತಾಳೆಯ ಸಿಂಕ್ರೊ ರಿಂಗುಗಳಿಗೆ ಆಗಿಬರದೇ ಇರಬಹುದು.

ಎಷ್ಟು ಅವಸರ ಎಂದರೆ: ಮೇಲ್ಮೈ ಬರೀ ಪಸೆಯಾಗಿ ಧೂಳು ಹಿಡಿದಿದೆ, ಹನಿ ಬೀಳುವುದಿಲ್ಲ ಎಂದರೆ ಹಾಗೇ ಬಿಡಿ, ಸರ್ವಿಸಿಗೊಮ್ಮೆ ನೋಡಿಕೊಂಡರೆ ಸಾಕು. ರಾತ್ರಿಗೆ ಎರಡು ಮೂರು ಹನಿ ಏನೂ ಅಲ್ಲ, ಇಪ್ಪತ್ತು ಮೂವತ್ತು ಹನಿ ಸೇರಿದರೆ ಒಂದು ಮಿಲಿಲೀಟರ್. ಆದರೆ ನಿಂತಾಗ ಬೀಳುವುದು ಒಂದು ಪಾಲು ಮಾತ್ರ, ಓಡುವಾಗ ಎಷ್ಟು ಹೋಗುತ್ತದೆ ಎಂದು ರಟ್ಟು ಹೇಳುವುದಿಲ್ಲ. ಹಾಗಾಗಿ ಸಾವಿರ ಕಿಲೋಮೀಟರಿಗೊಮ್ಮೆ ಮಟ್ಟ ನೋಡಿ, ಇಳಿಯುವ ವೇಗದ ಮೇಲೆ ತೀರ್ಮಾನಿಸಿ. ಐದನೇ ಗೇರಿನಲ್ಲಿ ಕೊರಗುವ ಸದ್ದು ಹೊಸದಾಗಿ ಕೇಳಿದರೆ ಕಾಯಬೇಡಿ. ಹಲವು ಗೇರ್ ಬಾಕ್ಸುಗಳಲ್ಲಿ ಐದನೇ ಗೇರ್ ತುದಿಯ ಕವರಿನೊಳಗೆ ಪ್ರತ್ಯೇಕವಾಗಿರುತ್ತದೆ, ಎಣ್ಣೆ ಕಡಿಮೆಯಾದರೆ ಮೊದಲು ಒಣಗುವುದು ಅದೇ. ‘ಸೋರಿಕೆ ನಿಲ್ಲಿಸುವ’ ಬಾಟಲಿಗಳ ಮೇಲೆ ನನಗೆ ಭರವಸೆ ಇಲ್ಲ. ಅವು ರಬ್ಬರನ್ನು ಉಬ್ಬಿಸುತ್ತವೆ ಅಷ್ಟೇ, ಗೀರು ಬಿದ್ದ ಶಾಫ್ಟನ್ನಾಗಲಿ ಕಟ್ಟಿದ ಬ್ರೀದರನ್ನಾಗಲಿ ಸರಿಮಾಡುವುದಿಲ್ಲ.

ಕೊನೆಗೂ ಗೇರ್ ಬಾಕ್ಸ್ ಇಳಿಸಲೇಬೇಕಾಯಿತು ಎನ್ನಿ. ಆಗ ಕ್ರ್ಯಾಂಕ್ ಸೀಲ್, ಇನ್‌ಪುಟ್ ಸೀಲ್, ಎರಡೂ ಆಕ್ಸಲ್ ಸೀಲ್ ಒಟ್ಟಿಗೆ ಹಾಕಿಸಿ. ಸಾಮಾನಿಗಿಂತ ಕೂಲಿಯೇ ದೊಡ್ಡದು, ಇನ್ನೊಮ್ಮೆ ಅದನ್ನು ಕೊಡುವುದು ಬೇಡ. ಬೆಲ್ ಹೌಸಿಂಗಿನ ಒಳಗೆ ಸ್ಲೇವ್ ಸಿಲಿಂಡರ್ ಇದ್ದರೆ ಅದನ್ನೂ ಸೇರಿಸಿ. ಕ್ಲಚ್ ಪ್ಲೇಟ್ ಎಣ್ಣೆಯಲ್ಲಿ ನೆಂದಿದ್ದರೆ ತೊಳೆದು ಹಾಕಲು ಬಿಡಬೇಡಿ. ಅದು ಹೀರಿಕೊಂಡ ಎಣ್ಣೆ ಬಿಸಿಗೆ ಮತ್ತೆ ಹೊರಬರುತ್ತದೆ. ಬೆಲ್ ಹೌಸಿಂಗ್ ಬಿಚ್ಚಿದ ತಕ್ಷಣ, ಯಾರೂ ಒರೆಸುವ ಮೊದಲು, ಒಳಗಿನ ಫೋಟೊ ತೆಗೆದು ಕಳಿಸಲು ಮೆಕ್ಯಾನಿಕ್‌ಗೆ ಮೊದಲೇ ಹೇಳಿಡಿ. ಒದ್ದೆ ಫ್ಲೈವೀಲಿನ ಹಿಂದಿದೆಯೋ ಗೇರ್ ಬಾಕ್ಸಿನ ಗೋಡೆಯ ಮೇಲಿದೆಯೋ ಎಂದು ಆಗ ನೀವೇ ನೋಡಬಹುದು.